ಸೀಲ್ ಮಾಡಿದ ಗಾಳಿಪೆಟ್ಟಿಗೆಗೆ ಕಂಡಿ ಕೊರೆಯಬಹುದೇ?

ಪ್ರಶ್ನೆ: ನಮ್ಮದು 22 ಅಡಿಯ ಫೈಬರ್ ದೋಣಿ, 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಎರಡು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಮುಂಬದಿಯ ಡೆಕ್ಕಿನಡಿ ಒಂದು, ಹಿಂದೆ ಎಂಜಿನ್ನಿನ ಎಡಬಲಕ್ಕೆ ಒಂದೊಂದು, ಹೀಗೆ ಮೂರು ಪೆಟ್ಟಿಗೆಗಳಿವೆ. ಮೂರನ್ನೂ ಪೂರ್ತಿ ಸೀಲ್ ಮಾಡಿದ್ದಾರೆ. ಈ ವರ್ಷ ದೋಣಿಯ ಹಿಂಬದಿ ತಗ್ಗಿ ಕೂರುತ್ತಿದೆ. ದಡಕ್ಕೆ ಎಳೆಯಲು ನಾಲ್ವರು ಸಾಕಾಗುತ್ತಿತ್ತು, ಈಗ ಆರು ಜನ ಬೇಕು. ಅಲುಗಾಡಿಸಿದರೆ ಬಲಗಡೆಯ ಪೆಟ್ಟಿಗೆಯಲ್ಲಿ ನೀರು ಕುಲುಕುವ ಸದ್ದು ಬರುತ್ತದೆ. ಫೈಬರ್ ಕೆಲಸದವರು ಮುಚ್ಚಳ ಇರುವ ಕಂಡಿ ಇಡೋಣ ಅನ್ನುತ್ತಾರೆ. ಅಪ್ಪ ಮಾತ್ರ ‘ಗಾಳಿಪೆಟ್ಟಿಗೆಗೆ ತೂತು ಮಾಡಿದರೆ ದೋಣಿ ಮುಳುಗಿದ ಹಾಗೇ’ ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಕಂಡಿ ಇಟ್ಟರೆ ಪೆಟ್ರೋಲ್ ಕ್ಯಾನನ್ನೂ ಅದರೊಳಗೆ ಇಡಬಹುದೇ?
(ಕುಂದಾಪುರ ಕಡೆಯ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಅದು ಹಾರಿಹೋಗದೆ ಪೆಟ್ಟಿಗೆಯ ತಳದಲ್ಲಿ ನೀರಿನ ಹಾಗೆ ನಿಂತುಬಿಡುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಬೆರೆತಿದ್ದರೂ ಸಾಕು, ಕಿಡಿ ಸಿಕ್ಕಿದರೆ ಹೊತ್ತಿಕೊಳ್ಳುತ್ತದೆ. ನಿಮ್ಮ ಹಿಂಬದಿ ಪೆಟ್ಟಿಗೆಯಷ್ಟು ಜಾಗ ಆ ಮಟ್ಟ ಮುಟ್ಟಲು 15–20 ಮಿಲಿಲೀಟರ್ ಪೆಟ್ರೋಲ್ ಸೋರಿ ಆವಿಯಾದರೆ ಆಯಿತು. ಅಂದರೆ ಮೂರ್ನಾಲ್ಕು ಚಮಚ. ಸೀಮೆಎಣ್ಣೆಯಲ್ಲಿ ಓಡಿಸುವವರೂ ಸ್ಟಾರ್ಟ್ ಮಾಡಲು ಪೆಟ್ರೋಲ್ ಇಟ್ಟುಕೊಂಡೇ ಇರುತ್ತೀರಿ. ಆ ಕ್ಯಾನ್ ಗಾಳಿಯಾಡುವ ತೆರೆದ ಜಾಗದಲ್ಲಿ, ಹಗ್ಗದಲ್ಲಿ ಬಿಗಿದು, ಬಿಸಿಲು ಬೀಳದಂತೆ ಇರಲಿ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ದಿನಕ್ಕೂ ಬೇಡ.

ಇನ್ನು ಅಪ್ಪನ ಮಾತು. ಅವರ ಹೆದರಿಕೆಗೆ ಗಟ್ಟಿ ಕಾರಣ ಇದೆ, ಅದನ್ನು ಹಟ ಅನ್ನಬೇಡಿ. ಅವರು ಮರದ ದೋಣಿಯ ಕಾಲ ಕಂಡವರಿರಬೇಕು. ಮಾವಿನ ಮರ ತೋಡಿ ಮಾಡಿದ ದೋಣಿಗೆ ಅಂಚಿನವರೆಗೆ ನೀರು ತುಂಬಿದರೂ ಅದು ತೇಲುತ್ತದೆ, ಮರವೇ ನೀರಿಗಿಂತ ಹಗುರವಾದ್ದರಿಂದ. ಫೈಬರ್ ಹಾಗಲ್ಲ. ಗಾಜಿನ ನಾರು, ರೆಸಿನ್ ಸೇರಿದ ಆ ಪದಾರ್ಥ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರು ತುಂಬಿದ ಫೈಬರ್ ಚಿಪ್ಪನ್ನು ಮೇಲೆ ಹಿಡಿಯುವುದು ಆ ಮೂರು ಪೆಟ್ಟಿಗೆಗಳು ಮಾತ್ರ. ದೋಣಿ ಕಟ್ಟಿದವರು ಅವನ್ನು ಸೀಲ್ ಮಾಡಿದ್ದೂ ಅದಕ್ಕೇ.

ಆದರೆ ನಿಮ್ಮ ಬಲಗಡೆಯ ಪೆಟ್ಟಿಗೆ ಈಗ ಗಾಳಿಪೆಟ್ಟಿಗೆಯಾಗಿ ಉಳಿದಿಲ್ಲ, ನೀರಿನ ಟ್ಯಾಂಕಿ ಆಗಿದೆ. ಅದಕ್ಕೆ ಆಗಲೇ ತೂತು ಬಿದ್ದಿದೆ. ಎಲ್ಲಿ ಎಂದು ನಿಮಗೆ ಗೊತ್ತಿಲ್ಲ, ಅಷ್ಟೆ.

ಸ್ವಲ್ಪ ಲೆಕ್ಕ ಮಾಡೋಣ. ಈ ಗಾತ್ರದ ದೋಣಿಗಳಲ್ಲಿ ಹಿಂಬದಿಯ ಪೆಟ್ಟಿಗೆ 1.2 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ ಇದ್ದರೆ ಒಳಗೆ 240 ಲೀಟರ್ ಜಾಗ. ಅರ್ಧ ನೀರು ತುಂಬಿದರೂ 120 ಕೆ.ಜಿ. ಇಬ್ಬರು ಆಳುಗಳು ಇಪ್ಪತ್ನಾಲ್ಕು ಗಂಟೆಯೂ ಹಿಂದಿನ ಮೂಲೆಯಲ್ಲೇ ಕೂತ ಹಾಗೆ. ದಡಕ್ಕೆ ಎಳೆಯಲು ಇಬ್ಬರು ಹೆಚ್ಚು ಬೇಕಾಗುತ್ತಿರುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆ ಇಬ್ಬರು ಸುಮ್ಮನೆ ಕೂರುವುದೂ ಇಲ್ಲ. ಅಳಿವೆ ಬಾಯಲ್ಲಿ ತೆರೆ ಬಂದು ಮೂತಿ ಮೇಲೇಳುತ್ತಿದ್ದಂತೆ ಆ ನೀರೆಲ್ಲ ಹಿಂದಕ್ಕೆ ಓಡಿ, ಎಂಜಿನ್ ಕಡೆಯ ಅಂಚನ್ನು ಇನ್ನಷ್ಟು ಒತ್ತುತ್ತದೆ. ಮುಂದಿನ ತೆರೆ ಹಿಂದಿನಿಂದ ಹತ್ತಿ ಬರುವುದಕ್ಕೆ ಅಷ್ಟು ಸಾಕು.

ಈಗ ದೋಣಿ ಪೂರ್ತಿ ನೀರು ತುಂಬಿಕೊಂಡಿತು ಅನ್ನಿ. ಚಿಪ್ಪು 500 ಕೆ.ಜಿ. ಇದ್ದರೆ ನೀರಿನೊಳಗೆ ಅದರ ತೂಕ ಸುಮಾರು 160 ಕೆ.ಜಿ.ಗೆ ಇಳಿಯುತ್ತದೆ. ಎಂಜಿನ್ 40 ಕೆ.ಜಿ., ಬಲೆಯ ಸೀಸ, ಆಂಕರು, ಅಂಚು ಹಿಡಿದು ನೇತಾಡುವ ಮೂರು ನಾಲ್ಕು ಜನ, ಎಲ್ಲ ಸೇರಿಸಿದರೆ 300 ಕೆ.ಜಿ. ಎತ್ತುವ ಶಕ್ತಿಯಾದರೂ ಬೇಕು. ಅಂದರೆ 300 ಲೀಟರ್ ನಿಜವಾದ ಗಾಳಿ, ಅಥವಾ ನಿಜವಾಗಿ ಒಣಗಿರುವ ಪಫ್ (ಪೆಟ್ಟಿಗೆಯೊಳಗೆ ತುಂಬುವ ಪಾಲಿಯುರೆಥೇನ್ ಫೋಮ್). ಈ ಅಂಕಿ ತಲೆಯಲ್ಲಿರಲಿ, ಕಂಡಿ ಕೊರೆದ ಮೇಲೆ ನಾವು ತೀರಿಸಬೇಕಾದ ಸಾಲ ಇದೇ.

ಮುಚ್ಚಿದ ಪೆಟ್ಟಿಗೆಗೆ ನೀರು ಹೊಕ್ಕಿದ್ದಾದರೂ ಹೇಗೆ? ಬಹಳ ಜನ ತಳದಲ್ಲಿ ಬಿರುಕು ಹುಡುಕುತ್ತಾರೆ. ಹೆಚ್ಚಿನ ಸಲ ಕಳ್ಳ ಮೇಲಿನಿಂದಲೇ ಬಂದಿರುತ್ತಾನೆ. ಬಿಸಿಲಿಗೆ ಡೆಕ್ಕು ಕಾದು ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಒತ್ತಡ ಶೇ 10ರಷ್ಟು ಹೆಚ್ಚುತ್ತದೆ. ಕೇಳಲು ಸಣ್ಣದು. ಒಂದು ಚದರ ಮೀಟರ್ ಹಲಗೆಯ ಮೇಲೆ ಅದು ಒಂದು ಟನ್ ಬಲ. ಹಲಗೆ ಉಬ್ಬಿ ಅದರಲ್ಲಿ ಬಹುಪಾಲು ತಗ್ಗಿಸಿಕೊಂಡರೂ, ಉಳಿದದ್ದು ಪೆಟ್ಟಿಗೆಯ ಅಂಟನ್ನು ದಿನವೂ ಬಿಡಿಸುತ್ತಿರುತ್ತದೆ. ಸಂಜೆ ದೋಣಿ ನೀರಿಗಿಳಿದು ತಣ್ಣಗಾದಾಗ ಇದೇ ಆಟ ತಿರುಗುಮುರುಗಾಗುತ್ತದೆ: ಪೆಟ್ಟಿಗೆ ಉಸಿರು ಒಳಕ್ಕೆಳೆಯುತ್ತದೆ, ಹಗ್ಗ ಕಟ್ಟುವ ಕೊಂಡಿಯ ಸ್ಕ್ರೂ ತೂತಿನ ಸುತ್ತ ನಿಂತ ಒಂದು ಹನಿಯನ್ನೂ ಅದರ ಜೊತೆಗೇ. ದಿನಕ್ಕೆ ಒಂದು ಲೋಟ ಹೊಕ್ಕರೂ ವರ್ಷಕ್ಕೆ ಎಷ್ಟಾಯಿತು ನೋಡಿ.

ಹಾಗಾಗಿ ಗ್ರೈಂಡರ್ ಎತ್ತುವ ಮುನ್ನ ಒಂದು ದಿನ ಪತ್ತೇದಾರಿಗೆ ಮೀಸಲಿಡಿ. ದೋಣಿಯನ್ನು ಮರಳಿನ ಮೇಲೆ ಮೂತಿ ಎತ್ತರವಾಗಿ ನಿಲ್ಲಿಸಿ, ಪೆಟ್ಟಿಗೆಯ ಒಳಬದಿಯ ಗೋಡೆಯಲ್ಲಿ, ಅಂದರೆ ನೀವು ಕೂರುವ ಕಡೆಯ ಗೋಡೆಯಲ್ಲಿ, ತೀರ ಕೆಳಗೆ ಒಂದು 8 ಮಿ.ಮೀ. ತೂತು ಕೊರೆಯಿರಿ. ಹೊರಚಿಪ್ಪಿಗೆ ಬಿಟ್ ತಾಗದಂತೆ ಅದಕ್ಕೊಂದು ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಮೊದಲು ಮೂಸಿ ನೋಡಿ. ಹಿಂದಿನ ಮಾಲೀಕರು ಆ ಪೆಟ್ಟಿಗೆಯ ಪಕ್ಕದಲ್ಲಿ ಏನೇನು ಚೆಲ್ಲಿದ್ದರೋ ಗೊತ್ತಿಲ್ಲ. ಪೆಟ್ರೋಲ್ ವಾಸನೆ ಬಂದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ, ನೀರು ತುಂಬಿ ತೊಳೆದು, ದಿನಗಟ್ಟಲೆ ಗಾಳಿಯಾಡಲು ಬಿಡಬೇಕು. ವಾಸನೆ ಇಲ್ಲದಿದ್ದರೆ ಹೊರಬಂದ ನೀರಿನ ನಾಲ್ಕು ಹನಿಯನ್ನು ಕಪ್ಪು ಕಲ್ಲಿನ ಮೇಲೆ ಬಿಸಿಲಲ್ಲಿ ಒಣಗಿಸಿ. ಬಿಳಿ ಪುಡಿ ಉಳಿದರೆ ಸಮುದ್ರದ ನೀರು. ಏನೂ ಉಳಿಯದಿದ್ದರೆ ಮಳೆಗಾಲದಲ್ಲಿ ದಡದ ಮೇಲೆ ನಿಂತಾಗ ಡೆಕ್ಕಿನಿಂದ ಇಳಿದ ಸಿಹಿನೀರು. ತೂತಿನಲ್ಲಿ ಒಂದು ತಂತಿ ಹಾಕಿ ಕೆದಕಿದರೆ ಒಳಗೆ ಪಫ್ ಇದೆಯೋ, ಥರ್ಮಾಕೋಲ್ ಇದೆಯೋ, ಬರೀ ಟೊಳ್ಳೋ ತಿಳಿಯುತ್ತದೆ. ಕುಲುಕುವ ಸದ್ದು ಬರುತ್ತಿದೆ ಎಂದರೆ ನಿಮ್ಮದು ಟೊಳ್ಳೇ ಇರಬೇಕು, ಅಥವಾ ತುಂಬಿದ್ದು ಕುಸಿದು ಮೇಲೆ ಜಾಗ ಆಗಿರಬೇಕು.

ನೀರು ಬಸಿದ ಮೇಲೆ ಸೋರುವ ಜಾಗ ಹುಡುಕಲು ಅದೇ ತೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ಹೊರಗಿನ ಕೀಲುಗಳಿಗೆಲ್ಲ ಸೋಪಿನ ನೀರು ಬಳಿದು, ಒಳಗೆ ಗಾಳಿ ಊದಬೇಕು. ಬಾಯಲ್ಲೇ ಊದಿ. ಟಯರ್ ಅಂಗಡಿಯ ಕಂಪ್ರೆಸರ್ ತಂದು ಹಚ್ಚಿದವರ ದೋಣಿಯಲ್ಲಿ ಡೆಕ್ಕೇ ಎದ್ದು ಬಂದದ್ದನ್ನು ನೋಡಿದ್ದೇನೆ. ಒತ್ತಡ ಎಷ್ಟಿದೆ ಎಂದು ಅಳೆಯಲು ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು: ಅದನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ಹಾಕಿ, ಒಂದು ತುದಿಯನ್ನು ಟಿ-ಜಾಯಿಂಟಿನಲ್ಲಿ ಊದುವ ಪೈಪಿಗೆ ಸೇರಿಸಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ಅಂತರ ಬಂದರೆ ನಿಲ್ಲಿಸಿ. ಅಷ್ಟಕ್ಕೇ ಒಂದು ಚದರ ಮೀಟರ್ ಮೇಲೆ 100 ಕೆ.ಜಿ. ಒತ್ತುತ್ತಿರುತ್ತದೆ. ಗುಳ್ಳೆ ಏಳುವ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ. ಕೊಂಡಿಗಳ ಸುತ್ತ, ಡೆಕ್ಕೂ ಚಿಪ್ಪೂ ಸೇರುವ ಅಂಚಿನಲ್ಲಿ, ಎಂಜಿನ್ ಬಿಗಿಯುವ ಹಿಂಬದಿ ಹಲಗೆಯ ಮೇಲ್ತುದಿಯಲ್ಲಿ ಗುಳ್ಳೆ ಬರುವುದು ಹೆಚ್ಚು.

ಆ ಹಿಂಬದಿ ಹಲಗೆಗಾಗಿಯೇ ನಾನು ಫೈಬರ್ ಕೆಲಸದವರ ಪರ. ಅದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಎಂಜಿನ್ ಬೋಲ್ಟಿನ ತೂತಿನಿಂದ ಇಳಿದ ನೀರು ಅದನ್ನು ಒಳಗಿಂದೊಳಗೇ ಕೊಳೆಸುತ್ತದೆ, ಹೊರಗೆ ಫೈಬರ್ ಮಿರಮಿರ ಮಿಂಚುತ್ತಲೇ ಇರುತ್ತದೆ. ಎಂಜಿನ್ನನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಲಗೆಯೂ ತುಸು ಬಗ್ಗುತ್ತದೆ ಎಂದು ಕಂಡರೆ ಕೊಳೆತ ಶುರುವಾಗಿದೆ. ಹಲಗೆಯ ಒಳಮುಖ, ಅದನ್ನು ತಳಕ್ಕೆ ಹಿಡಿದಿರುವ ಆನಿಕೆ, ಬೋಲ್ಟಿನ ನಟ್ಟು, ಈ ಮೂರೂ ಇರುವುದು ನಿಮ್ಮ ಆ ಎರಡು ಪೆಟ್ಟಿಗೆಗಳ ಒಳಗೆ. ಅಲ್ಲಿಗೆ ಕಣ್ಣು, ಕೈ ಹೋಗದಿದ್ದರೆ ಎಂಜಿನ್ ಒಂದು ದಿನ ಹಲಗೆ ಸಮೇತ ನೀರಿಗೆ ಬಿದ್ದಾಗಲೇ ಗೊತ್ತಾಗುವುದು.

ಕಂಡಿ ಎಷ್ಟು ದೊಡ್ಡದಿರಬೇಕು? ಅಂಗಡಿಯಲ್ಲಿ ತಿರುಗಿಸಿ ಮುಚ್ಚುವ ದುಂಡು ಮುಚ್ಚಳಗಳು 4, 5, 6, 8 ಇಂಚಿನಲ್ಲಿ ಸಿಗುತ್ತವೆ. 4 ಇಂಚಿನದ್ದು ಕಣ್ಣಿಗೆ ಮಾತ್ರ: ಟಾರ್ಚ್ ಬಿಟ್ಟು, ಮೊಬೈಲ್ ತೂರಿಸಿ ಫೋಟೊ ತೆಗೆಯಬಹುದು. 6 ಇಂಚಿನಲ್ಲಿ ಮೊಣಕೈವರೆಗೆ ತೋಳು ಹೋಗುತ್ತದೆ, ಸ್ಪಾನರ್ ಹಿಡಿದ ಕೈ ತಿರುಗಲು ಮಾತ್ರ ಒದ್ದಾಡುತ್ತದೆ. ನಿಮ್ಮ ಹಿಂಬದಿ ಪೆಟ್ಟಿಗೆಗಳಿಗೆ 8 ಇಂಚು ಇಡಿ, ಮುಂಬದಿಗೆ 6 ಇಂಚು ಸಾಕು. ಕೊಳ್ಳುವ ಮೊದಲು ರಟ್ಟಿನಲ್ಲಿ ಆ ಅಳತೆಯ ತೂತು ಕತ್ತರಿಸಿ, ಸ್ಪಾನರ್ ಹಿಡಿದ ಕೈ ತೂರಿಸಿ ನೋಡಿ, ಐದು ನಿಮಿಷದ ಕೆಲಸ. ಮುಚ್ಚಳದ ಮೇಲೆ ಬರೆದ ಅಳತೆ ಒಳಬಾಯಿಯದ್ದೋ, ಕೊರೆಯಬೇಕಾದ ತೂತಿನದ್ದೋ, ಹೊರ ಅಂಚಿನದ್ದೋ ಎಂಬುದನ್ನೂ ಕೇಳಿಕೊಳ್ಳಿ. ಒಂದೊಂದು ಕಂಪನಿಯದು ಒಂದೊಂದು ರೀತಿ. ಮುಚ್ಚಳ ಕೈಗೆ ಬರುವ ಮೊದಲು ತೂತು ಕೊರೆಯಲೇಬೇಡಿ.

ಮನುಷ್ಯ ಇಳಿಯುವಂಥ ಕಂಡಿ ನಿಮ್ಮ ದೋಣಿಗೆ ಬೇಕಿಲ್ಲ. ಕ್ಯಾಬಿನ್ ಇರುವ ದೊಡ್ಡ ದೋಣಿಯವರು ಇದನ್ನು ಓದುತ್ತಿದ್ದರೆ ಒಂದೇ ಮಾತು: ಸಣ್ಣ ನೌಕೆಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ತಪ್ಪಿಸಿಕೊಂಡು ಹೊರಬರಲು ಇರುವ ದುಂಡು ಕಂಡಿಯ ಅಡ್ಡಳತೆ 450 ಮಿ.ಮೀ.ಗೆ ಕಡಿಮೆ ಇರಬಾರದು. ಬಹಳ ದಿನ ಮುಚ್ಚಿಟ್ಟ ಯಾವ ಹೋಲ್ಡಿಗೂ (ಡೆಕ್ಕಿನಡಿ ಮೀನು ತುಂಬುವ ಕೋಣೆ), ಅದರಲ್ಲೂ ಮೀನು ಕೊಳೆತ ಹೋಲ್ಡಿಗೆ, ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಮೊದಲು ಇಳಿದವನನ್ನು ಎತ್ತಲು ಎರಡನೆಯವನು ಇಳಿದು, ಇಬ್ಬರೂ ಮೇಲೆ ಬಾರದ ಸಂಗತಿಗಳು ಮೀನುಗಾರಿಕೆಯಲ್ಲಿ ಹೊಸವಲ್ಲ.

ಜಾಗದ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಹೊಸಬನಿದ್ದಾಗ ಒಂದು ದೋಣಿಯ ಡೆಕ್ಕಿನ ಮೇಲೆ, ಕೊರೆಯಲು ಸುಲಭ ಅನ್ನಿಸಿದ ಕಡೆ, ಎರಡು 6 ಇಂಚಿನ ಮುಚ್ಚಳ ಕೂರಿಸಿದ್ದೆ. ಬಲೆ ಎಳೆಯುವವರು ಕಾಲು ಊರುವ ಜಾಗ ಅದೇ ಎಂದು ಯೋಚಿಸಿರಲಿಲ್ಲ. ಒಂದೇ ಸೀಸನ್ನಿನಲ್ಲಿ ಹಿಮ್ಮಡಿಯ ಏಟಿಗೆ ಒಂದು ಮುಚ್ಚಳದ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಮೇಲಿಂದ ಕಾಣಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಕಂಠಮಟ್ಟ ತುಂಬಿತ್ತು. ಆಮೇಲೆ ನಾನು ಡೆಕ್ಕಿನ ಮೇಲೆ ಕಂಡಿ ಇಡುವುದನ್ನೇ ಬಿಟ್ಟೆ. ಪೆಟ್ಟಿಗೆಯ ನಿಲುವು ಗೋಡೆಯಲ್ಲಿ, ಆದಷ್ಟು ಮೇಲಕ್ಕೆ ಇಡುತ್ತೇನೆ. ಅಲ್ಲಿ ನೀರು ನಿಲ್ಲುವುದಿಲ್ಲ, ಯಾರೂ ತುಳಿಯುವುದಿಲ್ಲ. ತೋಳು ಕೆಳಕ್ಕೆ ಚಾಚಿದರೆ ಹಲಗೆಯ ನಟ್ಟೂ ಸಿಗುತ್ತದೆ. ತೀರ ಕೆಳಗೆ ಇಟ್ಟರೆ ದೋಣಿಯೊಳಗೆ ಒಂದು ತೆರೆ ನೀರು ಬಿದ್ದ ಕೂಡಲೇ ಮುಚ್ಚಳ ಮುಳುಗುತ್ತದೆ.

ಗೋಡೆಯೊಳಗೆ ಅಡ್ಡಪಟ್ಟಿ ಎಲ್ಲಿದೆ ಎಂದು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು–ಗಟ್ಟಿ ಸದ್ದು ಕೇಳಿ ಗುರುತು ಮಾಡಿ. ಪಟ್ಟಿಯನ್ನು ಕತ್ತರಿಸಬೇಡಿ. ಎರಡು ಪಟ್ಟಿಗಳ ನಡುವಿನ ಅಗಲದ ಅರ್ಧಕ್ಕಿಂತ ದೊಡ್ಡ ತೂತು ಬೇಡ ಎಂಬುದು ನನ್ನ ರೂಢಿ. ಮನೆಯ ಕಿಟಕಿಯ ಹಾಗೆ ಚೌಕ ಕಂಡಿ ಕೇಳುವವರು ಬಹಳ ಇದ್ದಾರೆ, ಬುಟ್ಟಿ ಇಡಲು ಅನುಕೂಲ ಎಂದು. ಚೌಕ ಬೇಕೇ ಬೇಕು ಅಂದರೆ ಮೂಲೆಗಳನ್ನು ಕಡೇಪಕ್ಷ ಟೀ ಲೋಟದ ಬುಡದಷ್ಟು ದುಂಡಗೆ ಮಾಡಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 2,700ಕ್ಕೂ ಹೆಚ್ಚು ಲಿಬರ್ಟಿ ಹಡಗುಗಳನ್ನು ಆತುರದಲ್ಲಿ ಬೆಸುಗೆ ಹಾಕಿ ಕಟ್ಟಿತು. ಅವುಗಳಲ್ಲಿ ಹಲವು ಹಡಗುಗಳ ಡೆಕ್ಕಿನಲ್ಲಿ ಬಿರುಕು ಬಿಟ್ಟಿತು, ಕೆಲವು ಎರಡು ತುಂಡೇ ಆದವು. ಬಹಳಷ್ಟು ಬಿರುಕುಗಳು ಹೊರಟದ್ದು ಸರಕಿನ ಹ್ಯಾಚಿನ ಚೌಕ ಮೂಲೆಯಿಂದ. ಚಳಿಗೆ ಪೆಡಸಾಗುವ ಉಕ್ಕೂ ಅದಕ್ಕೆ ಕಾರಣವಾಗಿತ್ತು, ನಿಜ. ಆದರೂ ಎಳೆತವೆಲ್ಲ ಬಂದು ಗುಂಪುಗೂಡುವುದು ಮೂಲೆಯಲ್ಲೇ, ಅದು ಉಕ್ಕಾಗಲಿ ಫೈಬರಾಗಲಿ. ದುಂಡು ಕಂಡಿಗೆ ಮೂಲೆಯೇ ಇಲ್ಲ.

ಮುಚ್ಚಳ ಕೊಳ್ಳುವಾಗ ಜಿಪುಣತನ ಮಾಡಬೇಡಿ. ಬಾತ್‌ರೂಮಿನ ಡ್ರೈನೇಜ್ ಪೈಪಿಗೆ ಹಾಕುವ ಪಿವಿಸಿ ಮುಚ್ಚಳವನ್ನು ರೆಸಿನ್ನಿನಲ್ಲಿ ಮೆತ್ತಿಕೊಂಡ ದೋಣಿಗಳನ್ನು ಸಾಕಷ್ಟು ನೋಡಿದ್ದೇನೆ. ಪಾಲಿಯೆಸ್ಟರ್ ರೆಸಿನ್ ಪಿವಿಸಿಗೆ ಸರಿಯಾಗಿ ಕಚ್ಚುವುದಿಲ್ಲ, ಬಿಸಿಲಿಗೆ ಪಿವಿಸಿಯೂ ಪೆಡಸಾಗುತ್ತದೆ. ದೋಣಿಗೆಂದೇ ಮಾಡಿದ, ರಬ್ಬರ್ ರಿಂಗ್ ಇರುವ ಮುಚ್ಚಳ ಸಿಗದಿದ್ದರೆ ಫೈಬರ್ ಕೆಲಸದವರಿಂದಲೇ 6 ಮಿ.ಮೀ. ದಪ್ಪದ ತಟ್ಟೆಯೊಂದನ್ನು ಅಚ್ಚು ಹಾಕಿಸಿ, ಸುತ್ತ ಎಂಟು ಬೋಲ್ಟು, ನಡುವೆ ನಿಯೋಪ್ರೀನ್ ರಬ್ಬರ್ ಹಾಳೆ ಇಟ್ಟು ಬಿಗಿಸಿ. ತೆಗೆಯಲು ಹತ್ತು ನಿಮಿಷ ಹಿಡಿಯುತ್ತದೆ. ಆದರೆ ಅದರ ಮೇಲೆ ಆನೆ ನಿಂತರೂ ಚಿಂತೆಯಿಲ್ಲ.

ಕೊರೆಯುವ ಕೆಲಸ ಏಪ್ರಿಲ್–ಮೇ ತಿಂಗಳಲ್ಲಿ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರಿದಾಗಲೇ ನಿಮ್ಮಂಥ ಸಣ್ಣ ಎಂಜಿನ್ನಿನವರ ನಾಡದೋಣಿ ಮೀನುಗಾರಿಕೆ ಶುರು. ವರ್ಷದ ಅತಿ ಒರಟು ಕಡಲಿಗೆ ನೀವು ಇಳಿಯುವುದು ಆಗ. ಮಳೆಯ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ.

ನಡುವೆ ಒಂದು ಸಣ್ಣ ತೂತು ಕೊರೆದು, ಜಿಗ್‌ಸಾದಲ್ಲಿ ಸಣ್ಣ ಹಲ್ಲಿನ ಬ್ಲೇಡ್ ಹಾಕಿ ನಿಧಾನವಾಗಿ ಸುತ್ತು ಬನ್ನಿ. ಫೈಬರ್ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸುಲಭಕ್ಕೆ ಹೊರಬರುವುದಿಲ್ಲ. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಮತ್ತು ಕನ್ನಡಕ ಹಾಕಿ. ಕತ್ತರಿಸಿದ ದುಂಡು ತುಂಡನ್ನು ಎಸೆಯಬೇಡಿ. ಅದರ ಅಂಚು ನೋಡಿದರೆ ನಿಮ್ಮ ದೋಣಿಯ ದಪ್ಪ ಎಷ್ಟು, ಒಳಗೆ ಪ್ಲೈವುಡ್ ಇದೆಯೇ ಇಲ್ಲವೇ, ಕಟ್ಟಿದವರು ಎಷ್ಟು ಪದರ ಮ್ಯಾಟ್ ಹಾಕಿದ್ದರು ಎಂಬುದೆಲ್ಲ ಅಲ್ಲೇ ಇರುತ್ತದೆ.

ಅಂಚಿನಲ್ಲಿ ಪ್ಲೈವುಡ್ ಕಂಡರೆ ಅದನ್ನು ಹಾಗೇ ಬಿಟ್ಟು ಮುಚ್ಚಳ ಹಾಕುವುದು ದೊಡ್ಡ ತಪ್ಪು. ಎರಡು ಫೈಬರ್ ಪದರಗಳ ನಡುವಿನ ಮರವನ್ನು ಸುತ್ತಲೂ 10 ಮಿ.ಮೀ. ಆಳಕ್ಕೆ ಕೆರೆದು ತೆಗೆದು, ಆ ಸಂದಿಗೆ ಎಪಾಕ್ಸಿ ಪುಟ್ಟಿ ತುಂಬಿ. ಸ್ಕ್ರೂ ಅಥವಾ ಬೋಲ್ಟಿನ ತೂತುಗಳಿಗೂ ಇದೇ ನಿಯಮ: ಬೇಕಾದ್ದಕ್ಕಿಂತ ದೊಡ್ಡದು ಕೊರೆದು, ಪುಟ್ಟಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು. ನೀರು ಒಳಗೆ ನುಗ್ಗಿದರೂ ಮರಕ್ಕೆ ತಾಗುವುದಿಲ್ಲ.

ಬರೀ ಫೈಬರ್ ಗೋಡೆಯಾದರೆ 4–5 ಮಿ.ಮೀ. ದಪ್ಪ ಇರುತ್ತದೆ. ಅದಕ್ಕೆ ಸ್ಕ್ರೂ ಹಿಡಿಯುವುದಿಲ್ಲ, ಹಿಡಿದ ಹಾಗೆ ನಟಿಸುತ್ತದೆ. ಹಿಂದೆ ಒಂದು ಬಳೆ ಬೇಕು. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡಿನಲ್ಲಿ ಮುಚ್ಚಳದ ಅಂಚಿಗಿಂತ ಎರಡು ಬೆರಳು ಅಗಲವಾದ ಬಳೆ ಕತ್ತರಿಸಿ, ಎಲ್ಲ ಮುಖಕ್ಕೂ ಎಪಾಕ್ಸಿ ಕುಡಿಸಿ. ಇಡೀ ಬಳೆ ತೂತಿನೊಳಗೆ ಹೋಗುವುದಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರಿಗೆ ಉಪಾಯ: ಎರಡು ಅರ್ಧ ಮಾಡಿ ಒಂದೊಂದಾಗಿ ತೂರಿಸಿ, ಒಳಗಿನಿಂದ ಅಂಟಿಸಿ, ಹೊರಗಿನಿಂದ ಕ್ಲಾಂಪ್ ಹಾಕಿ ಒಣಗಲು ಬಿಡಿ. ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ, 304 ಉಪ್ಪುನೀರಿಗೆ ಕೆಂಪು ಕಲೆ ಬಿಡುತ್ತದೆ. ಅಂಟಿಗೆ ಪಿ.ಯು. (ಪಾಲಿಯುರೆಥೇನ್) ಸೀಲೆಂಟ್ ಬಳಸಿ. ಕಿಟಕಿ ಗಾಜಿಗೆ ಹಚ್ಚುವ ಸಿಲಿಕೋನ್ ಬೇಡ. ಅದು ಒಮ್ಮೆ ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಹತ್ತುವುದಿಲ್ಲ, ರೆಸಿನ್ನೂ ಹತ್ತುವುದಿಲ್ಲ. ಬೋಲ್ಟನ್ನು ಮೊದಲ ದಿನವೇ ಪೂರ್ತಿ ಬಿಗಿದರೆ ಅಂಟೆಲ್ಲ ಹಿಸುಕಿ ಹೊರಬರುತ್ತದೆ. ಮುಕ್ಕಾಲು ಬಿಗಿದು, ಮರುದಿನ ಉಳಿದದ್ದು.

ರೆಸಿನ್ ಕೆಲಸ ನೀವೇ ಮಾಡುವುದಾದರೆ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಆಕ್ಸಲರೇಟರ್ ಮತ್ತು ಕೆಟಲಿಸ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗುತ್ತದೆ. ಮೊದಲು ಆಕ್ಸಲರೇಟರನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕೆಟಲಿಸ್ಟ್. ಎರಡು ಬಾಟಲಿಗಳನ್ನೂ ಒಂದೇ ಚೀಲದಲ್ಲಿ ಹೊತ್ತು ತರಬೇಡಿ.

ಕಂಡಿ ತೆರೆದ ದಿನವೇ ಒಳಗಿರುವುದರ ಗತಿ ತೀರ್ಮಾನವಾಗಬೇಕು. ಪಫ್ ಇದ್ದು ನೀರು ಕುಡಿದಿದ್ದರೆ ಒಣಗುತ್ತದೆ ಎಂದು ಕಾಯಬೇಡಿ. ವರ್ಷಗಟ್ಟಲೆ ನೀರಲ್ಲಿದ್ದ ಪಫ್ ಎರಡು ತಿಂಗಳ ಬಿಸಿಲಿಗೂ ಬಿಟ್ಟುಕೊಡುವುದಿಲ್ಲ. ಕಿತ್ತು ತೆಗೆಯಿರಿ. ಥರ್ಮಾಕೋಲ್ ಇದ್ದರೆ ಅದನ್ನೂ ತೆಗೆಯಿರಿ. ಪೆಟ್ರೋಲ್ ತಾಗಿದರೆ ಅದು ಬೆಲ್ಲದ ಹಾಗೆ ಕರಗುತ್ತದೆ, ಪಾಲಿಯೆಸ್ಟರ್ ರೆಸಿನ್ ತಾಗಿದರೂ ಅಷ್ಟೆ.

ಇನ್ನು ಅಪ್ಪನಿಗೆ ಕೊಡಬೇಕಾದ ಉತ್ತರ. ಮುಚ್ಚಳ ಇರುವ ಪೆಟ್ಟಿಗೆಯನ್ನು ನಾನು ಗಾಳಿಪೆಟ್ಟಿಗೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಚ್ಚಳ ಒಂದು ದಿನ ಸಡಿಲವಾಗಿಯೇ ಆಗುತ್ತದೆ ಎಂದು ಇಟ್ಟುಕೊಂಡು, ಪೆಟ್ಟಿಗೆಯೊಳಗೆ ಬೇರೆ ತೇಲುವ ವಸ್ತು ತುಂಬಿಸುತ್ತೇನೆ. ಎಲ್ಲಕ್ಕಿಂತ ಅಗ್ಗದ್ದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, 2 ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿಗಳು. ಗ್ಯಾಸ್ ಒತ್ತಡ ತಡೆಯಲೆಂದೇ ಮಾಡಿದ ಬಾಟಲಿಗಳಾದ್ದರಿಂದ ಸುಲಭಕ್ಕೆ ಒಡೆಯುವುದಿಲ್ಲ. ಅಡ್ಡಳತೆ 11 ಸೆಂಟಿಮೀಟರಿನ ಆಸುಪಾಸು ಇರುವುದರಿಂದ 6 ಇಂಚಿನ ಕಂಡಿಯಲ್ಲೂ ಸಲೀಸಾಗಿ ಒಳಗೆ ಹೋಗುತ್ತವೆ. ಮುಚ್ಚಳ ಬಿಗಿದು, ಬಕೆಟ್ ನೀರಿನಲ್ಲಿ ಹಿಸುಕಿ ಗುಳ್ಳೆ ಬರದವನ್ನು ಮಾತ್ರ ಆರಿಸಿ. 240 ಲೀಟರಿನ ಪೆಟ್ಟಿಗೆಯಲ್ಲಿ 70 ಬಾಟಲಿ ಕೂರಿಸಿದರೆ 140 ಲೀಟರ್ ಖಾತ್ರಿ ಗಾಳಿ, ಎರಡೂ ಬದಿ ಸೇರಿ 280. ಮುಂಬದಿಯದ್ದು ಸೇರಿದರೆ ಮೊದಲು ಹೇಳಿದ 300 ದಾಟಿ ಮುಂದೆ ಹೋಯಿತು. ಮುಚ್ಚಳ ಕಳೆದುಹೋದರೂ, ಗೋಡೆ ಒಡೆದರೂ ಆ ಗಾಳಿ ಎಲ್ಲಿಗೂ ಹೋಗುವುದಿಲ್ಲ. ಸೀಲ್ ಮಾಡಿದ ಹಳೆಯ ಪೆಟ್ಟಿಗೆಗೆ ಈ ಖಾತ್ರಿ ಇರಲಿಲ್ಲ. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು ಹಿಂಬದಿ ಹಲಗೆ ನೋಡಿ, ಮತ್ತೆ ತುಂಬಿಡಬಹುದು. ಬಾಟಲಿ ತೆಗೆದು ಆ ಜಾಗದಲ್ಲಿ ಹಗ್ಗ, ಬಲೆ, ರೈನ್‌ಕೋಟು ಇಡುವ ಆಸೆ ಬಂದೇ ಬರುತ್ತದೆ. ಲೈಫ್ ಜಾಕೆಟ್ಟನ್ನು ಮಾತ್ರ ಅಲ್ಲಿ ಇಡಲೇಬೇಡಿ. ದೋಣಿ ಮಗುಚಿದಾಗ ತಿರುಪು ಮುಚ್ಚಳ ಬಿಚ್ಚಿ ಜಾಕೆಟ್ ತೆಗೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಬಾಟಲಿಗಳು ಎತ್ತರದಲ್ಲಿ, ಬದಿಗೆ ಒತ್ತಿಕೊಂಡಿರುವುದು ಒಳ್ಳೆಯದು. ತೇಲುವ ಶಕ್ತಿಯೆಲ್ಲ ತಳದಲ್ಲಿದ್ದರೆ ನೀರು ತುಂಬಿದ ದೋಣಿ ಹೊಟ್ಟೆ ಮೇಲೆ ಮಾಡಿ ಮಗುಚಿಕೊಳ್ಳಲು ನೋಡುತ್ತದೆ. ಮುಂಬದಿಯಲ್ಲೇ ಎಲ್ಲ ಇದ್ದರೆ ಎಂಜಿನ್ನಿನ ಭಾರಕ್ಕೆ ಮೂತಿ ಆಕಾಶ ನೋಡುತ್ತ ನಿಂತುಬಿಡುತ್ತದೆ.

ನೀರು ಬಸಿಯಲು ಕೊರೆದಿದ್ದ ಕೆಳಗಿನ 8 ಮಿ.ಮೀ. ತೂತಿಗೆ ಹಿತ್ತಾಳೆಯ ತಿರುಪು ಬಿರಡೆ ಹಾಕಿಸಿಬಿಡಿ, ಇನ್ನು ಪ್ರತಿಸಲ ಡ್ರಿಲ್ ತರಬೇಕಿಲ್ಲ. ಗೋಡೆಯ ತೀರ ಮೇಲ್ತುದಿಯಲ್ಲಿ ಒಂದೂವರೆ ಮಿ.ಮೀ.ನ ಒಂದು ಸೂಜಿತೂತು ತೆರೆದೇ ಇರಲಿ, ಪೆಟ್ಟಿಗೆಯ ಉಸಿರಾಟಕ್ಕೆ. ಕಡಲಿನಲ್ಲಿ ಓಡಾಡುವ ಕಯಾಕ್‌ಗಳ ಒಳಗೋಡೆಗೂ ಇಂಥದ್ದೇ ಸೂಜಿತೂತು ಇಡುವ ರೂಢಿಯಿದೆ. ಇದನ್ನು ಹೇಳಿದಾಗ ಅಪ್ಪ ಇನ್ನೊಮ್ಮೆ ಸಿಟ್ಟಾಗಬಹುದು. ಆ ತೂತು ಒಂದಡಿ ನೀರಿನಡಿ ಮುಳುಗಿಯೇ ಇದ್ದರೂ ಗಂಟೆಗೆ ಹತ್ತು ಲೀಟರಿಗಿಂತ ಹೆಚ್ಚು ಬಿಡಲಾರದು. ಅದಿಲ್ಲದಿದ್ದರೆ ಬಿಸಿಲು ತಾನೇ ಎಲ್ಲೋ ಒಂದು ಕಡೆ ತೂತು ಮಾಡಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಸೂಜಿತೂತಿಗೆ ಟೇಪ್ ಹಚ್ಚಿ ಮತ್ತೊಮ್ಮೆ ಸೋಪಿನ ನೀರಿನ ಪರೀಕ್ಷೆ. ಅದು ಪಾಸಾದರೆ ಕೊನೆಯದು, ಯಾರೂ ಮಾಡದ್ದು: ದೋಣಿಯನ್ನು ಬೇಕೆಂದೇ ಮುಳುಗಿಸಿ ನೋಡುವುದು. ಹೊಳೆಯಲ್ಲಿ ಸೊಂಟಮಟ್ಟ ನೀರಿರುವ ಕಡೆ, ಉಬ್ಬರ ನಿಂತು ಇಳಿತ ಶುರುವಾಗುವ ಮುನ್ನಿನ ಹೊತ್ತಿನಲ್ಲಿ, ಎರಡು ಹಗ್ಗ ದಡಕ್ಕೆ ಕಟ್ಟಿ. ಎಂಜಿನ್ ಬಿಚ್ಚಿ ಅದರ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕಲ್ಲು ಕಟ್ಟಿ. ಎಂಜಿನ್ ಬಹುಪಾಲು ಅಲ್ಯೂಮಿನಿಯಂ, ಅಲ್ಯೂಮಿನಿಯಮ್ಮಿನ ಸಾಂದ್ರತೆಯೂ ಕಪ್ಪುಕಲ್ಲಿನದೂ ಹೆಚ್ಚುಕಮ್ಮಿ ಒಂದೇ, ಆದ್ದರಿಂದ ನೀರಿನೊಳಗೂ ಎರಡೂ ಒಂದೇ ರೀತಿ ತೂಗುತ್ತವೆ. ಮುಚ್ಚಳಗಳನ್ನು ತೆರೆದೇ ಇಟ್ಟು ಅಂಚಿನವರೆಗೆ ನೀರು ತುಂಬಿಸಿ. ಬಾಟಲಿಗಳ ಬಲದ ಮೇಲೆ ದೋಣಿ ಎಷ್ಟು ತೇಲುತ್ತದೆ, ಯಾವ ಕಡೆ ವಾಲುತ್ತದೆ, ಮೂವರು ಅಂಚು ಹಿಡಿದು ನೇತಾಡಿದರೆ ತಡೆಯುತ್ತದೆಯೇ ನೋಡಿ. ಅಂದು ಅಪ್ಪನನ್ನೂ ಕರೆದುಕೊಂಡು ಹೋಗಿ, ನೀರಲ್ಲಿ ದೋಣಿ ಕೂತ ಬಗೆಯನ್ನು ಅಳೆಯುವ ಕಣ್ಣು ಅವರಿಗೆ ನಿಮಗಿಂತ ಪಳಗಿರುತ್ತದೆ. ಹಿಂಬದಿ ಹೆಚ್ಚು ತಗ್ಗಿದರೆ ಎಂಜಿನ್ ಪಕ್ಕದ ಅಂಚಿನಡಿ ಇನ್ನಷ್ಟು ಬಾಟಲಿ ಬಲೆಯಲ್ಲಿ ಕಟ್ಟಿ ಸೇರಿಸಬೇಕು.

ಆಮೇಲೆ ದಿನನಿತ್ಯದ ಕೆಲಸ ಬಹಳವೇನೂ ಇಲ್ಲ. ತಿರುಪಿನ ಎಳೆಗಳಿಗೆ ಮರಳು ಸೇರುವುದೇ ಈ ಮುಚ್ಚಳಗಳ ದೊಡ್ಡ ರೋಗ. ತೆರೆದಾಗಲೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ರಬ್ಬರ್ ರಿಂಗಿಗೆ ತುಸು ಸಿಲಿಕೋನ್ ಗ್ರೀಸ್ ಸವರಿ. ಕೈಯಲ್ಲಿ ಬಿಗಿದರೆ ಸಾಕು, ಸ್ಪಾನರ್ ಕಂಬಿ ಹಾಕಿ ತಿರುಗಿಸಿದರೆ ಎಳೆ ಹಾರುತ್ತದೆ. ಮುಚ್ಚಳಕ್ಕೆ ಒಳಗಿನಿಂದ ಒಂದು ನೈಲಾನ್ ದಾರ ಕಟ್ಟಿ ಪೆಟ್ಟಿಗೆಗೆ ಸಿಕ್ಕಿಸಿ, ಕೈಜಾರಿದರೂ ನೀರುಪಾಲಾಗುವುದಿಲ್ಲ. ಒಂದು ಹೆಚ್ಚುವರಿ ರಿಂಗ್ ಮುಚ್ಚಳದ ಜೊತೆಗೇ ಕೊಂಡಿಟ್ಟುಕೊಳ್ಳಿ. ಮೂರು ವರ್ಷ ಬಿಟ್ಟು ಹೋದರೆ ಅದೇ ಅಂಗಡಿಯಲ್ಲಿ ಆ ಅಳತೆ ಸಿಗುತ್ತದೆ ಎಂಬ ಭರವಸೆ ನನಗಿಲ್ಲ.